ಜವಳಿ ಅಂಗಡಿಯ ಎದುರಿನ ಬೇಕರಿ

ಕೊಟ್ಟೂರು
6-4-1998

ಬೀಗರಾಗಲಿರುವ ಹಿರೇಹಡಗಲಿಯ ಹಾಲಪ್ಪನವರಿಗೆ ಪಂಚಾಕ್ಷರಪ್ಪನ ಶರಣು.

ನಾವೆಲ್ಲ ಆರಾಮ. ನೀವೂ ಆರಾಮ ಇದ್ದೀರೆಂದು ತಿಳಿದು ನೇರ ವಿಷಯಕ್ಕೆ ಬರುತ್ತೇನೆ. ಫೋನು ನಮ್ಮ ಅಂಗಡಿಯಲ್ಲೇ ಇದೆ. ಆದರೆ ಅದರ ಪಕ್ಕದಲ್ಲಿ ನನ್ನ ಹೆಂಡತಿ ಎರ್ರಮ್ಮನ ತಮ್ಮ ಸೋಮಶೇಖರ್ ಬೆಳಗಿನಿಂದ ಸಂಜೆತನಕ ಕೂತಿರುತ್ತಾನೆ. ಕಬ್ಬಿಣದ ಅಂಗಡಿಯಲ್ಲಿದ್ದು ಮೊಳೆ ತೂಗುವುದು ಬಿಟ್ಟು ಬೇರೆಯವರ ಮಾತು ತೂಗುವುದೇ ಅವನ ಉದ್ಯೋಗ. ಅದಕ್ಕೇ ಈ ಇನ್‌ಲ್ಯಾಂಡ್ ಪತ್ರ.

ಅಲ್ರೀ ಬೀಗರೇ, ಆ ಪೇಸ್ಟ್ರಿ! ಊರಿಗೆ ಬಂದು ಎರಡು ಸಲ ರೊಟ್ಟಿ ಊಟ ಮಾಡಿದರೂ ನಾಲಿಗೆಯ ಮೇಲಿಂದ ಹೋಗಲಿಲ್ಲ. ಮಕ್ಕಳ ಲಗ್ನದ ಜವಳಿ ತೆಗೆಯಲು ದಾವಣಗೆರೆಗೆ ಹೋಗಿ ನಾವಿಬ್ಬರು ಮಾಡಿದ ಕೆಲಸ ನೆನೆದರೆ ಗಲ್ಲಾದ ಮುಂದೆ ಕೂತಲ್ಲೇ ನಗು ಬರುತ್ತದೆ. ಹೆಂಗಸರು ಅಂಗಡಿಯ ಮಹಡಿ ಹತ್ತಿದರು. "ಐದು ನಿಮಿಷದಾಗ ಬರ್ತೀವಿ, ನೀವು ನೋಡ್ತಿರ್ರಿ" ಎಂದು ಹೇಳಿ ನಾವು ರಸ್ತೆ ದಾಟಿದೆವು. ಚಹಾ ಕುಡಿಯುವುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು, ಆಣೆ ಮಾಡಿ ಹೇಳುತ್ತೇನೆ. ಆ ಗಾಜಿನ ಪೆಟ್ಟಿಗೆಯಲ್ಲಿ ಬೆಳ್ಳಗೆ, ಮೇಲೊಂದು ಕೆಂಪು ಹಣ್ಣು ಇಟ್ಟುಕೊಂಡು ಅವು ಸಾಲಾಗಿ ಕೂತಿದ್ದವು. "ಇದು ಹುಡುಗರು ಹುಟ್ಟಿದಬ್ಬಕ್ಕ ಕೊಯ್ಯೂದಲ್ಲೇನ್ರಿ, ನಮಗ್ಯಾಕ?" ಎಂದವರು ನೀವು. ಮೂರನೆಯದನ್ನು ತರಿಸಿದವರೂ ನೀವೇ! ನಿಮ್ಮ ಮೀಸೆಗೆ ಕೆನೆ ಹತ್ತಿ, ನೀವು ಅದನ್ನು ನಾಲಿಗೆಯಿಂದ ತೆಗೆಯಲು ಹೋಗಿ, ಬೇಕರಿಯವನೂ ನಕ್ಕನಲ್ಲ, ಅಷ್ಟು ನಕ್ಕು ನನಗೆ ಎಷ್ಟು ವರ್ಷವಾಗಿತ್ತೋ.

ನಿಶ್ಚಿತಾರ್ಥದ ದಿನ ನಿಮ್ಮನ್ನು ನೋಡಿ, ಇವರು ಗಂಟುಮೋರೆಯ ಮನುಷ್ಯ, ಹೆಂಗಪ್ಪಾ ಇವರ ಕೂಡ ಏಗುವುದು ಅಂದುಕೊಂಡಿದ್ದೆ. ತಪ್ಪು ತಿಳಿದಿದ್ದೆ. ಕೆಲಸವಿಲ್ಲದೆ, ಗಡಿಯಾರ ನೋಡದೆ, ಒಬ್ಬರ ಎದುರು ಒಬ್ಬರು ಕೂತು ತಿನ್ನುವುದರಲ್ಲಿ ಇಷ್ಟು ಸುಖವಿದೆ ಎಂದು ನನಗೆ ಗೊತ್ತಿರಲಿಲ್ಲ.

ಮಾತು ನೆನಪಿರಲಿ. ನಾವು ಹೋಗಿದ್ದು ಮಂಡಿಗೆ, ಉಳ್ಳಾಗಡ್ಡಿ ರೇಟು ಕೇಳುವುದಕ್ಕೆ. ಇಬ್ಬರ ಬಾಯಲ್ಲೂ ಒಂದೇ ಬರಬೇಕು. ವಾಪಸು ಬರುವಾಗ ಬಾಡಿಗೆ ಗಾಡಿ ಟ್ರ್ಯಾಕ್ಸಿನಲ್ಲಿ ಹೆಂಗಸರು ಒಂದು ಮಾತೂ ಆಡಲಿಲ್ಲ, ಪಾಪ, ಸೀರೆ ನೋಡಿ ನೋಡಿ ದಣಿದಿದ್ದರು.

ಜೂನ್ ನಾಲ್ಕು ದೂರವಿಲ್ಲ. ಲಗ್ನಪತ್ರಿಕೆಗೆ ನಿಮ್ಮ ಕಡೆಯ ಹೆಸರು ಬರೆದು ಕಳಿಸಿರಿ. ಸೊಸೆಯಾಗಲಿರುವ ವಾಣಿಶ್ರೀಗೆ ಆಶೀರ್ವಾದ.

ನಿಮ್ಮ
ಪಂಚಾಕ್ಷರಪ್ಪ

*

ಹಿರೇಹಡಗಲಿ
12-4-1998

ಪಂಚಾಕ್ಷರಪ್ಪನವರಿಗೆ ಶರಣು.

ಪತ್ರ ಮುಟ್ಟಿತು. ನಮ್ಮ ಕಡೆಯ ಹೆಸರುಗಳನ್ನು ಇದರ ಜೊತೆ ಬರೆದಿದ್ದೇನೆ. ಹಿರಿಯರ ಹೆಸರು ಮೊದಲು ಬರಲಿ, ಇಲ್ಲದಿದ್ದರೆ ನಮ್ಮ ದೊಡ್ಡಪ್ಪ ಲಗ್ನಕ್ಕೆ ಬಂದರೂ ಊಟಕ್ಕೆ ಕೂರುವುದಿಲ್ಲ.

ನಾನು ಗಂಟುಮೋರೆಯವನೇ. ಕಿರಾಣಿ ಅಂಗಡಿಯಲ್ಲಿ ನಗುತ್ತ ಕೂತರೆ ಎಲ್ಲರೂ ಉದ್ರಿ ಕೇಳುತ್ತಾರೆ. ಅವತ್ತು ನಕ್ಕಿದ್ದು ನಿಜ, ಅದನ್ನು ಊರಿಗೆಲ್ಲ ಹೇಳಬೇಡಿ.

ನನ್ನ ಟವೆಲಿಗೆ ಆ ಬಿಳೀ ಕೆನೆ ಹತ್ತಿತ್ತು. ಒಗೆಯಲು ತೆಗೆದುಕೊಂಡ ನಮ್ಮ ಮನೆಯವಳು ಬಸಲಿಂಗಮ್ಮ "ಇದೇನ್ರಿ?" ಎಂದಳು. ಸುಣ್ಣ ಎಂದೆ. "ಮಂಡಿಯಾಗ ಸುಣ್ಣ ಯಾಕ ಹಚ್ತಿದ್ರು?" ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಹಿತ್ತಲಿಗೆ ಹೋದಳು. ಅವಳು ಹೀಗೆ ಅರ್ಧಕ್ಕೆ ಬಿಟ್ಟು ಹೋಗುವವಳಲ್ಲ.

ಇನ್ನೊಂದು ವಿಷಯ. ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಾವು ಇಳಿದಾಗ ನಿಮ್ಮ ಎರ್ರಮ್ಮನವರು ನಮ್ಮ ಕಡೆ ತಿರುಗಿ ನೋಡಲಿಲ್ಲ. ವಾಣಿ ಕಾಲಿಗೆ ನಮಸ್ಕಾರ ಮಾಡಲು ಬಾಗಿದಳು, ಅಷ್ಟರಲ್ಲಿ ಅವರು ಟ್ರ್ಯಾಕ್ಸಿನ ಬಾಗಿಲು ಎಳೆದುಕೊಂಡರು. ಹುಡುಗಿ ಅಲ್ಲೇ ನಿಂತಳು. ದಣಿವು ಎಂದು ನೀವು ಬರೆದಿದ್ದೀರಿ. ನನಗೆ ಹಾಗೆ ಕಾಣಲಿಲ್ಲ. ಏನಾದರೂ ಇದ್ದರೆ ಮುಚ್ಚಿಡಬೇಡಿ.

ಹಾಲಪ್ಪ

*

ಕೊಟ್ಟೂರು
18-4-1998

ಬೀಗರೇ, ಶರಣು.

ಕೆಟ್ಟಿತು. ಎಲ್ಲಾ ಕೆಟ್ಟಿತು.

ನಿಮ್ಮ ಪತ್ರ ಬಂದ ದಿನವೇ ಪ್ರೆಸ್ಸಿಗೆ ಹೊರಟೆ. ಬಾಗಿಲಲ್ಲಿ ಎರ್ರಮ್ಮ ಅಡ್ಡ ನಿಂತಳು. "ಪತ್ರಿಕಿ ಅಚ್ಚು ಹಾಕ್ಸೂದು ಬ್ಯಾಡ. ಈ ಲಗ್ನ ನನಗ ಒಪ್ಪಿಗಿ ಇಲ್ಲ" ಎಂದಳು.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಲಗ್ನದ ಜವಳಿಗೆ ಹೋದರೆ ಮೊದಲ ಅರಿವೆ ಮನೆದೇವರು ವೀರಭದ್ರನಿಗೆ. ಒಂದು ಧೋತರ. ಅದನ್ನು ಮನೆಯ ಹಿರಿಯ ಗಂಡಸು ತನ್ನ ಕೈಯಾರೆ ಆರಿಸಿ ತೆಗೆಸಬೇಕು. ಅದಾದ ಮೇಲೆಯೇ ಸೊಸೆಯ ಧಾರೆ ಸೀರೆ, ಉಳಿದದ್ದು. ನಮ್ಮಪ್ಪ ಹಾಗೆ ಮಾಡಿದ, ಅವರಪ್ಪ ಹಾಗೆ ಮಾಡಿದ. ಈ ಸಲ ಹಿರಿಯ ಗಂಡಸು ಎಲ್ಲಿದ್ದ ಎಂಬುದು ನಿಮಗೆ ಗೊತ್ತು. ನಾನು ಬರಲಿಲ್ಲ, ನಿಮ್ಮ ಮನೆಯವರಿಗೆ ಈ ಪದ್ಧತಿ ಗೊತ್ತಿಲ್ಲ, ಅವರು ವಾಣಿಶ್ರೀ ಮೆಚ್ಚಿದ ಈರುಳ್ಳಿ ಸಿಪ್ಪೆ ಬಣ್ಣದ ಸೀರೆಯನ್ನು ಮೊದಲು ಬಿಲ್ ಮಾಡಿಸಿಬಿಟ್ಟರು. "ಸೊಸಿ ಸೀರಿ ಮುಂದ ಆತು, ದೇವ್ರ ಧೋತ್ರ ಹಿಂದ ಬಿತ್ತು. ಹಿಂಗ ಸುರು ಆದ ಲಗ್ನ ನಡೀಬಾರ್ದು" ಎಂದು ಎರ್ರಮ್ಮ ಹಿಡಿದ ಹಟ ಬಿಡುತ್ತಿಲ್ಲ.

ಅವಳ ಎದುರು ನಿಂತು ಏನು ಹೇಳಲಿ? ತಪ್ಪು ನನ್ನದು ಎಂದರೆ, ಎಲ್ಲಿ ಹೋಗಿದ್ರಿ ಎನ್ನುತ್ತಾಳೆ. ಮಂಡಿ ಎಂದು ಆಗಲೇ ಹೇಳಿ ಕೂತಿದ್ದೇನೆ.

ಒಂದು ಉಪಾಯವಿದೆ. ನೀವು ಸದ್ದಿಲ್ಲದೆ ಆ ಸೀರೆಯನ್ನು ಅಂಗಡಿಗೆ ವಾಪಸು ಕೊಡಿಸಿ. ನಾನು ಹೋಗಿ ದೇವರ ಧೋತರ ತೆಗೆಯುತ್ತೇನೆ. ಆಮೇಲೆ ಅದೇ ಸೀರೆಯನ್ನೇ ಮತ್ತೆ ಕೊಳ್ಳೋಣ. ದೇವರಿಗೂ ಸಮಾಧಾನ, ಹೆಂಡತಿಗೂ ಸಮಾಧಾನ. ನಮ್ಮ ಅರುಣಕುಮಾರ ಊಟ ಸರಿಯಾಗಿ ಮಾಡುತ್ತಿಲ್ಲ. ಹುಡುಗ ಬಾಯಿ ಬಿಟ್ಟು ಹೇಳುವವನಲ್ಲ, ಆದರೆ ನಿಮ್ಮ ಮಗಳ ಮೇಲೆ ಮನಸ್ಸಿಟ್ಟಿದ್ದಾನೆ.

ಬೀಗರೇ, ಈ ಲಗ್ನ ಆಗಲೇಬೇಕು. ಆಗುತ್ತದೆ. ಆಗದೆ ಹೆಂಗ ಹೋಗುತ್ತದೆ ನೋಡಿಯೇಬಿಡುತ್ತೇನೆ.

ಪಂಚಾಕ್ಷರಪ್ಪ

*

ಹಿರೇಹಡಗಲಿ
25-4-1998

ಪಂಚಾಕ್ಷರಪ್ಪನವರಿಗೆ ಶರಣು.

ನಿಮ್ಮ ಉಪಾಯವನ್ನು ಬಸಲಿಂಗಮ್ಮನಿಗೆ ಹೇಳಲಿಲ್ಲ, ಪದ್ಧತಿಯ ಮಾತನ್ನಷ್ಟೇ ಎತ್ತಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅವ್ರ ಮನಿ ಪದ್ಧತಿ ಅವ್ರು ಹೇಳಬೇಕಿತ್ತು. ಹೇಳಬೇಕಾದವ್ರು ಎಲ್ಲಿ ಹೋಗಿದ್ರು?" ಎಂದಳು. ನನ್ನ ಮುಖವನ್ನೇ ನೋಡುತ್ತಿದ್ದಳು. ಮಂಡಿ ಎಂದೆ. "ಹ್ಞಾಂ, ಮಂಡಿ" ಎಂದು ಮತ್ತೆ ರೊಟ್ಟಿ ಬಡಿದಳು. ಆ ರೊಟ್ಟಿ ಹರಿದುಹೋಯಿತು.

ಬೇರೆ ಸೀರೆ ತಂದರೆ ಹೇಗೆ ಎಂದು ಕೇಳಿ ನೋಡಿದೆ, ಈ ಸೀರೆ ಬಿಟ್ಟುಕೊಡುವುದಿಲ್ಲ ಎಂದು ಖಂಡಿತ ಹೇಳಿದಳು. ಮಗಳಿಗೆ ಅದು ಒಪ್ಪಿದೆ, ಆಗಲೇ ಸೆರಗಿಗೆ ಕುಚ್ಚು ಕಟ್ಟಿಸಿದ್ದಾರೆ. ಆದರೂ ನಾನು ನಿಮ್ಮ ಮಾತಿಗೆ ಕಟ್ಟುಬಿದ್ದು, ಹಡಗಲಿ ಪೇಟೆಗೆ ಮಾಲು ತರಲು ಹೋಗುತ್ತೇನೆಂದು ಸುಳ್ಳು ಹೇಳಿ, ಸೀರೆಯನ್ನು ಬೆಲ್ಲದ ಚೀಲದಲ್ಲಿ ಇಟ್ಟುಕೊಂಡು ದಾವಣಗೆರೆ ಬಸ್ಸು ಹತ್ತಿದೆ. ಕುಚ್ಚು ಕಟ್ಟಿದ ಸೀರೆಯನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಅಂಗಡಿಯವರು ಸೌಜನ್ಯದಿಂದಲೇ ಹೇಳಿದರು. ನಾನು ಅದನ್ನು ಮತ್ತೆ ಮಡಿಚಿ ಚೀಲಕ್ಕೆ ಹಾಕುವುದನ್ನು ನೋಡಿ ಅಲ್ಲಿದ್ದ ಹೆಂಗಸರು ಏನೆಂದುಕೊಂಡರೋ.

ಇನ್ನು ಬರೆಯಬೇಕೋ ಬೇಡವೋ ಎಂದು ಎರಡು ಸಲ ಪೆನ್ನು ಕೆಳಗಿಟ್ಟೆ. ಬರೆಯುತ್ತೇನೆ. ಕೆಳಗಿಳಿದು ಬಂದಾಗ ಬೇಕರಿಯವನು ಗುರುತು ಹಿಡಿದು ಕೈ ಎತ್ತಿದ. ಒಳಗೆ ಹೋದೆ, ಕೂರಲಿಲ್ಲ. ಇಷ್ಟು ಮೆತ್ತಗೆ ಅದು ಹೇಗಾಗುತ್ತದಪ್ಪಾ ಎಂದು ಸುಮ್ಮನೆ ಕೇಳಿದೆ. "ತತ್ತಿ ಹಾಕಿ ಚೆನ್ನಾಗಿ ಬಡೀಬೇಕು ಅಜ್ಜಾರ, ಇಲ್ಲಾಂದ್ರ ಉಬ್ಬೂದಿಲ್ಲ" ಎಂದ.

ತತ್ತಿ, ಪಂಚಾಕ್ಷರಪ್ಪನವರೇ, ಕೋಳಿಯ ತತ್ತಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಮೂರು ಮೂರು ತಿಂದೆವು. ಬೆಳಿಗ್ಗೆ ಪೂಜೆಗೆ ಕೂತರೆ ಲಿಂಗ ಮುಟ್ಟುವ ಮೊದಲು ಎರಡೆರಡು ಸಲ ಕೈ ತೊಳೆಯುತ್ತೇನೆ. ನಿಮ್ಮ ವೀರಭದ್ರನಿಗೆ ಸಿಟ್ಟು ಬಂದಿರುವುದು ಧೋತರಕ್ಕೋ ಇದಕ್ಕೋ, ನನಗೆ ಗೊತ್ತಾಗುತ್ತಿಲ್ಲ.

ಹಾಲಪ್ಪ

*

ಕೊಟ್ಟೂರು
29-4-1998

ಬೀಗರೇ,

ನಿಮ್ಮ ಪತ್ರ ಓದಿ ಅರ್ಧ ತಾಸು ಅಂಗಡಿಯ ಹಿಂದಿನ ಗೋದಾಮಿನಲ್ಲಿ ಕೂತಿದ್ದೆ. ಮೊದಲು ಆ ಬೇಕರಿಯವನ ಮೇಲೆ ಸಿಟ್ಟು ಬಂತು. ಆಮೇಲೆ ನಿಮ್ಮ ಮೇಲೆ ಬಂತು. ಕೇಳದೆ ಇರಬಹುದಿತ್ತಲ್ಲ ನೀವು! ಕೇಳಲೇಬೇಕೆಂದಿದ್ದರೆ ತಿನ್ನುವ ಮೊದಲು ಕೇಳಬೇಕಿತ್ತು.

ಹೋಗಲಿ. ತಿಳಿಯದೆ ತಿಂದದ್ದು. ಹೊಟ್ಟೆಗೆ ಹೋದದ್ದನ್ನು ಈಗ ತಿರುಗಿ ತರುವುದಕ್ಕಾಗುತ್ತದೆಯೇ? ನಾನು ಮಠಕ್ಕೆ ಹೋಗಿ ಅಡ್ಡಬಿದ್ದು ವಿಭೂತಿ ಹಚ್ಚಿಕೊಂಡು ಬಂದೆ. ಕಾರಣ ಹೇಳಲಿಲ್ಲ. ಅಯ್ಯನವರು ಕೇಳಲೂ ಇಲ್ಲ. ನೀವೂ ಹಾಗೆ ಮಾಡಿ, ಮನಸ್ಸು ಹಗುರ ಮಾಡಿಕೊಳ್ಳಿ. ಲಗ್ನಕ್ಕೂ ಅದಕ್ಕೂ ಗಂಟು ಹಾಕಬೇಡಿ.

ಇಲ್ಲಿ ಮನೆಯಲ್ಲಿ ಎಲ್ಲಾ ನಿಧಾನಕ್ಕೆ ತಿಳಿಯಾಗುತ್ತಿದೆ. ಎರ್ರಮ್ಮ ಮೊದಲಿನಷ್ಟು ಬಿಗಿಯಾಗಿಲ್ಲ. ನೀವು ಚಿಂತೆ ಮಾಡಬೇಡಿ, ಸಾಮಾನಿನ ತಯಾರಿ ಮುಂದುವರಿಸಿ. ಜೂನ್ ನಾಲ್ಕು ಎಂದರೆ ಜೂನ್ ನಾಲ್ಕೇ.

ಪಂಚಾಕ್ಷರಪ್ಪ

*

ಹಿರೇಹಡಗಲಿ
5-5-1998

ಶ್ರೀ ಪಂಚಾಕ್ಷರಪ್ಪನವರಿಗೆ,

ನಮ್ಮ ಬಸಲಿಂಗಮ್ಮನ ದೊಡ್ಡಮ್ಮನ ಮಗಳು ಹಂಪಕ್ಕ ಹಗರಿಬೊಮ್ಮನಹಳ್ಳಿಯಲ್ಲಿ ಇರುವುದು ನಿಮಗೆ ಗೊತ್ತಿರಲಿಕ್ಕಿಲ್ಲ. ಕಳೆದ ಭಾನುವಾರ ಅವಳ ಪಕ್ಕದ ಮನೆಗೆ ಕೊಟ್ಟೂರಿನಿಂದ ಹೆಣ್ಣು ನೋಡಲು ಬಂದಿದ್ದರಂತೆ. ಹುಡುಗನ ತಾಯಿ ಎರ್ರಮ್ಮ. ಸೋದರಮಾವ ಸೋಮಶೇಖರ್. ಹುಡುಗ ಬಂದಿರಲಿಲ್ಲ. ಹುಡುಗನ ತಂದೆ ಬಂದಿದ್ದರು, ಅವಲಕ್ಕಿ ತಿಂದು ಎರಡನೇ ಸಲ ಚಹಾ ಕೇಳಿದರು ಎಂದು ಹಂಪಕ್ಕ ಹೇಳಿದಳು.

"ಎಲ್ಲಾ ತಿಳಿಯಾಗುತ್ತಿದೆ" ಎಂದು ನೀವು ಬರೆದ ಪತ್ರ ನನ್ನ ಮುಂದೆಯೇ ಇದೆ. ನೀವು ಅವಲಕ್ಕಿ ತಿನ್ನುವ ಹಿಂದಿನ ದಿನವಷ್ಟೇ ಅದು ನನ್ನ ಕೈಗೆ ಬಂತು.

ನಾನು ನಿಮ್ಮನ್ನು ಸ್ನೇಹಿತ ಎಂದು ತಿಳಿದೆ. ನನಗೆ ಸ್ನೇಹಿತರು ಕಡಿಮೆ. ಅದು ನನ್ನ ತಪ್ಪು, ಇರಲಿ. ಆದರೆ ನನ್ನ ಮಗಳನ್ನು ಹೀಗೆ ತೂಗಿ ನೋಡಿ ಪಕ್ಕಕ್ಕಿಡಲು ಅವಳು ನಿಮ್ಮ ಅಂಗಡಿಯ ಮೊಳೆಯಲ್ಲ.

ಈ ಸುದ್ದಿ ವಾಣಿಯ ಕಿವಿಗೂ ಬಿತ್ತು. ಅಳುತ್ತಾಳೆ ಎಂದುಕೊಂಡಿದ್ದೆವು. ಅಳಲಿಲ್ಲ. "ಬ್ಯಾಡ ಅನ್ನೂದಿದ್ರ ಅವ್ರು ಬಂದು ನನ್ನ ಮುಖ ನೋಡಿ ಹೇಳ್ಲಿ ಅಪ್ಪಾ. ಪತ್ರದಾಗ ಬ್ಯಾಡ" ಎಂದಳು. ಅವಳು ಹೇಳಿದ್ದನ್ನು ಹಾಗೆಯೇ ಬರೆದಿದ್ದೇನೆ.

ಒಂದು ವಾರ ನೋಡುತ್ತೇನೆ. ಆಮೇಲೆ ನಿಶ್ಚಿತಾರ್ಥದ ಉಂಗುರ, ಸೀರೆ ಎಲ್ಲವನ್ನೂ ತಂದು ನಿಮ್ಮ ಅಂಗಡಿಯ ಗಲ್ಲಾದ ಮೇಲಿಟ್ಟು ಹೋಗುತ್ತೇನೆ.

ಹಾಲಪ್ಪ

*

ಕೊಟ್ಟೂರು
11-5-1998

ಹಾಲಪ್ಪನವರೇ,

ಉಂಗುರ ಅಲ್ಲೇ ಇರಲಿ. ಇದನ್ನು ಪೂರಾ ಓದಿ, ಆಮೇಲೆ ಬೈಯಿರಿ. ಬೈಸಿಕೊಳ್ಳುತ್ತೇನೆ.

ಹಗರಿಬೊಮ್ಮನಹಳ್ಳಿಗೆ ಹೋದದ್ದು ನಿಜ. ನಾನು ಹೋಗದಿದ್ದರೆ ಅಕ್ಕ-ತಮ್ಮ ಇಬ್ಬರೇ ಹೋಗಿ ಮಾತು ಮುಗಿಸಿ ಬರುತ್ತಿದ್ದರು. ನಾನಿದ್ದರೆ ಏನಾದರೂ ಕೊಂಕು ತೆಗೆದು ತಪ್ಪಿಸಬಹುದು ಎಂದು ಹೋದೆ. ಎರಡನೇ ಸಲ ಚಹಾ ಕೇಳಿದ್ದು ಮಾತನ್ನು ಮುಂದಕ್ಕೆ ತಳ್ಳುವುದಕ್ಕೆ. ನಿಮಗೆ ಬರೆಯದೆ ಮುಚ್ಚಿಟ್ಟದ್ದು ತಪ್ಪು. ನೀವು ಸಂಬಂಧ ಕಡಿದುಕೊಳ್ಳುತ್ತೀರೆಂದು ಹೆದರಿದೆ.

ನಿಮ್ಮ ಪತ್ರ ಬಂತು. "ಮುಖ ನೋಡಿ ಹೇಳ್ಲಿ" ಎಂಬ ಮಾತು ಓದಿದೆ. ಆ ಹುಡುಗಿಗೆ ಇರುವ ಧೈರ್ಯ ನನಗಿಲ್ಲವಲ್ಲ ಎನ್ನಿಸಿತು. ಅಂಗಡಿ ಸೋಮಶೇಖರನಿಗೆ ಬಿಟ್ಟು ನೇರ ಮನೆಗೆ ಹೋದೆ. ಎರ್ರಮ್ಮ ಅಕ್ಕಿ ಆರಿಸುತ್ತಿದ್ದಳು.

"ಏನಾಗೇತಿ ನಿನಗ? ಒಂದು ಧೋತ್ರಕ್ಕ ಮಗನ ಲಗ್ನ ಮುರೀತಿಯೇನು?" ಎಂದು ಕೂಗಾಡಿದೆ.

ಅವಳು ತಲೆ ಎತ್ತಲಿಲ್ಲ. "ಮಂಡಿಯಾಗ ಅವತ್ತು ಉಳ್ಳಾಗಡ್ಡಿ ರೇಟು ಎಷ್ಟಿತ್ರಿ?" ಎಂದಳು.

ಬಾಯಿಗೆ ಬಂದದ್ದೊಂದು ರೇಟು ಹೇಳಿದೆ.

"ಮ್ಯಾಲಿನ ಕಿಟಕಿಯಿಂದ ಬೇಕರಿ ಪೂರಾ ಕಾಣತಿತ್ತು" ಎಂದಳು.

ಬೀಗರೇ, ಅವರು ನೋಡಿದ್ದಾರೆ. ಇಬ್ಬರೂ ನೋಡಿದ್ದಾರೆ. ಸೀರೆ ಬಿಚ್ಚಿ ತೋರಿಸುವ ಕಡೆ ಬೆಳಕಿಗೆಂದು ದೊಡ್ಡ ಕಿಟಕಿಯಿತ್ತು, ನನ್ನ ಹೆಂಡತಿ, ನಿಮ್ಮ ಹೆಂಡತಿ ಅಲ್ಲಿ ನಿಂತು ನಮ್ಮ ಮೂರೂ ಪೇಸ್ಟ್ರಿ ನೋಡಿದ್ದಾರೆ. ನಾವು ಟ್ರ್ಯಾಕ್ಸಿನಲ್ಲಿ ಮಂಡಿಯ ಕಥೆ ಹೇಳುವಾಗ ಇಬ್ಬರೂ ಸುಮ್ಮನೆ ಕೇಳಿದ್ದಾರೆ.

ಆಮೇಲೆ ಅವಳು ಆಡಿದ ಮಾತನ್ನು ಬರೆಯಲು ನನಗೆ ಕಷ್ಟವಾಗುತ್ತದೆ, ಆದರೂ ಬರೆಯುತ್ತೇನೆ.

"ಲಗ್ನಾದಾಗಿಂದ ನಿಮ್ಮ ಕೂಡ ದಾವಣಗೇರಿಗೆ ಎಷ್ಟು ಸಲ ಬಂದೀನಿ? ಬಂದ್ರ ದವಾಖಾನಿ, ಇಲ್ಲಾ ಜವಳಿ. ಒಂದ ಸಲ ಸೋಡಾ ಕೊಡಿಸೀರಿ, ಅದೂ ನಾ ವಾಂತಿ ಮಾಡ್ಕೊಂಡಾಗ. ನಿಮಗ ಹಂಗ ನಗಾಕ ಬರ್ತೈತಿ ಅಂತ ನನಗ ಗೊತ್ತಾಗಿದ್ದ ಆ ಕಿಟಕ್ಯಾಗಿಂದ ನೋಡಿದಾಗ."

ನಾನು ಕೆಳಗೆ ಕೂತೆ. ಅವಳು ಅಕ್ಕಿ ಆರಿಸುತ್ತಲೇ ಇದ್ದಳು.

"ಬೀಗತಿ ನನ್ನ ಬಾಜೂಕ ನಿಂತಿದ್ಲು. ಬಿಡ್ರಿ ಅಕ್ಕಾರ, ಗಂಡಸ್ರು ಎಲ್ಲಾ ಹಿಂಗ ಅಂತ ನಕ್ಕು ಸೀರಿ ಬಿಲ್ ಮಾಡ್ಸಾಕ ಹೋದ್ಲು. ನನಗ ಸಿಟ್ಟು ಬಂದದ್ದು ಅಲ್ಲಿ. ಆಕಿನೂ ಬಿಟ್ಟಾಳ, ನಾನೂ ಬಿಟ್ಟೀನಿ. ನಾಳೆ ಆ ಹುಡುಗಿನೂ ಬಿಡ್ತಾಳ. ನಿಮ್ಮ ಮಗ ಆಕಿನ್ನ ಮ್ಯಾಲ ನಿಲ್ಲಿಸಿ ರಸ್ತಿ ದಾಟಿ ಹೋಗ್ತಾನ. ಮತ್ತೊಬ್ಬಾಕಿಗೆ ಇದ ಹಣೆಬರ ಯಾಕ್ರಿ?"

"ಹಂಗಾರ ದೇವರ ಧೋತ್ರ?" ಎಂದೆ.

"ವೀರಭದ್ರ ಹಿಂದ ಉಳಿದ್ರ ತಡಕೊಂತಾನ್ರಿ. ನನಗ ತಡಕೊಳ್ಳಾಕ ಆಗ್ಲಿಲ್ಲ."

ಹಾಗಾದರೆ ಹಗರಿಬೊಮ್ಮನಹಳ್ಳಿಯ ಹುಡುಗಿಗೂ ಅದೇ ಹಣೆಬರಹವಲ್ಲವೇ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಸಿಟ್ಟು ಲೆಕ್ಕ ಹಾಕಿ ಬರುವುದಿಲ್ಲ. ಅವಳಿಗೆ ನನಗೆ ನೋವು ಮಾಡಬೇಕಾಗಿತ್ತು, ಕೈಗೆ ಸಿಕ್ಕದ್ದು ಈ ಲಗ್ನ.

ಮರುದಿನ ಬೆಳಿಗ್ಗೆ "ಸೀರಿ ಉಟ್ಕೋ, ದಾವಣಗೇರಿಗೆ ಹೋಗೂಣು" ಎಂದೆ. "ಯಾರಿಗೆ ಆರಾಮಿಲ್ಲ?" ಎಂದಳು. ಯಾರಿಗೂ ಏನೂ ಆಗಿಲ್ಲ ಎಂದೆ. ಬಸ್ಸಿನಲ್ಲಿ ಹರಪನಹಳ್ಳಿ ದಾಟುವತನಕ ನನ್ನನ್ನು ಅನುಮಾನದಿಂದಲೇ ನೋಡಿದಳು.

ಅದೇ ಬೇಕರಿ, ಅದೇ ಮೇಜು. ಅವಳು ಕುರ್ಚಿಯ ತುದಿಯಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗಾಜಿನ ಪೆಟ್ಟಿಗೆ ತೋರಿಸಿ "ಅದಲ್ಲೇನು ನೀವು ತಿಂದದ್ದು?" ಎಂದಳು. ಸುಳ್ಳು ಹೇಳುವ ದಾರಿಯಿತ್ತು. ಹೇಳಲಿಲ್ಲ. "ಅದರಾಗ ತತ್ತಿ ಇರ್ತೈತಂತ. ಆಮ್ಯಾಲ ಗೊತ್ತಾತು" ಎಂದೆ. ಕಣ್ಣು ದೊಡ್ಡದು ಮಾಡಿ ನನ್ನನ್ನೇ ನೋಡಿದಳು. ಇಡೀ ಬೇಕರಿ ಕೇಳುವಂತೆ ಬೈಯುತ್ತಾಳೆ ಎಂದುಕೊಂಡೆ.

"ರುಚಿ ಇತ್ತೇನು?" ಎಂದಳು.

"ಇತ್ತು."

"ಶಿವನೇ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೆ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ತತ್ತಿ ಹಾಕದ್ದು ಏನಿದೆ ಎಂದು ಅವಳೇ ಎದ್ದು ಹೋಗಿ ಕೇಳಿ, ಕೊಬ್ಬರಿ ತುಂಬಿದ ದಿಲ್‌ಪಸಂದ್ ತರಿಸಿಕೊಂಡಳು. ಅರ್ಧ ತಿಂದ ಮೇಲೆ ಕುರ್ಚಿಗೆ ಒರಗಿದಳು. "ಈಗ ನೀವು ಹೋಗ್ರಿ. ದೇವರ ಧೋತ್ರ ತಗೊಂಡು, ನನಗೂ ಒಂದು ಸೀರಿ ನೋಡಿಕೊಂಡು ಬರ್ರಿ. ನಾ ಇಲ್ಲೇ ಕುಂತಿರ್ತೀನಿ."

ಧೋತರ ಬೇಗ ಆಯಿತು. ಸೀರೆಗೆ ಕೂತೆ. "ಯಾವ ಬಣ್ಣ ಇಷ್ಟಪಡ್ತಾರ ಸಾರ್ ನಿಮ್ಮನಿಯವ್ರು?" ಎಂದು ಹುಡುಗ ಕೇಳಿದ. ನನಗೆ ಗೊತ್ತಿರಲಿಲ್ಲ, ಬೀಗರೇ. ಕಬ್ಬಿಣಕ್ಕೆ ಬಳಿಯುವ ಬಣ್ಣದ ಡಬ್ಬಿಗಳ ನಂಬರೆಲ್ಲ ಬಾಯಿಪಾಠ ಇರುವವನಿಗೆ ಹೆಂಡತಿಗೆ ಇಷ್ಟವಾದ ಬಣ್ಣ ಗೊತ್ತಿಲ್ಲ. ಕಿಟಕಿಯಲ್ಲಿ ನಿಂತು ನೋಡಿದೆ. ಕೆಳಗೆ ಎರ್ರಮ್ಮ ಇನ್ನೊಂದು ತರಿಸಿಕೊಂಡು, ಹೋಗಿ ಬರುವ ಮಂದಿಯನ್ನು ನೋಡುತ್ತ ತಿನ್ನುತ್ತಿದ್ದಳು. ಮೇಲೆ ಒಮ್ಮೆಯೂ ನೋಡಲಿಲ್ಲ.

ಹಸಿರು ಸೀರೆ ತಂದೆ. "ಇಂಥಾವು ಮನಿಯಾಗ ಮೂರು ಅದಾವ" ಎಂದಳು. ಆದರೂ ಇಟ್ಟುಕೊಂಡಳು.

ಹಗರಿಬೊಮ್ಮನಹಳ್ಳಿಯವರಿಗೆ ಅವಳೇ ಹೇಳಿ ಕಳಿಸಿದ್ದಾಳೆ, ನಮ್ಮಿಂದ ತಪ್ಪಾಯಿತು ಎಂದು. ಅರುಣನನ್ನು ಎದುರು ಕೂರಿಸಿಕೊಂಡು ಮಾತಾಡಿದ್ದಾಳೆ. ಏನು ಹೇಳಿದಳೋ ನನಗೆ ತಿಳಿಸಲಿಲ್ಲ, ಹುಡುಗನ ಕಿವಿ ಕೆಂಪಗಾಗಿತ್ತು. ಬರುವ ಗುರುವಾರ ಅವಳೇ ಹಿರೇಹಡಗಲಿಗೆ ಬರುತ್ತಾಳೆ. ನಾನು ಬರುವುದು ಬೇಡವಂತೆ. ಅಷ್ಟರಲ್ಲಿ ನೀವು ನಿಮ್ಮ ಮನೆಯವರ ಮುಂದೆ ಮಂಡಿಯ ಕಥೆ ಮುಗಿಸಿಬಿಡಿ. ಅವರಿಗೆ ಗೊತ್ತಿದೆ, ನೀವು ಹೇಳುವುದನ್ನು ಕಾಯುತ್ತಿದ್ದಾರೆ.

ಪತ್ರಿಕೆ ಅಚ್ಚಿಗೆ ಹೋಗದೆ ಹಾಗೇ ಇದೆ. ನೀವು ಹ್ಞೂಂ ಎಂದ ದಿನ ಕೊಡುತ್ತೇನೆ.

ಪಂಚಾಕ್ಷರಪ್ಪ

*

ಹಿರೇಹಡಗಲಿ
17-5-1998

ಬೀಗರೇ, ಶರಣು.

ಅಚ್ಚಿಗೆ ಕೊಡಿ. ಇವತ್ತೇ ಕೊಡಿ.

ನಿಮ್ಮ ಪತ್ರ ಓದಿದ ದಿನ ಅಂಗಡಿ ಮುಚ್ಚಿ ಒಳಗೆ ಹೋಗಿ, ಸುಣ್ಣ ಅಲ್ಲ, ಕೆನೆ ಎಂದೆ. "ಗೊತ್ತೈತಿ, ನೆಕ್ಕಿ ನೋಡೀನಿ" ಎಂದಳು ಬಸಲಿಂಗಮ್ಮ. ತತ್ತಿಯ ವಿಷಯ ಹೇಳಿದ ಮೇಲೆ ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದಳು. ಅದೊಂದಕ್ಕೆ ಮಾತ್ರ ನನಗೆ ಚೆನ್ನಾಗಿ ಬೈದಳು. ನಿಮ್ಮ ಪತ್ರವನ್ನು ವಾಣಿಗೂ ಓದಲು ಕೊಟ್ಟೆ.

ನಿಮ್ಮ ಎರ್ರಮ್ಮನವರು ಬಂದರು. ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಿಂದ ಒಬ್ಬರೇ ನಡೆದು ಬಂದು ಬಾಗಿಲಲ್ಲಿ ನಿಂತರು. ವಾಣಿ ನೀರಿನ ತಂಬಿಗೆ ಹಿಡಿದು ಎದುರು ಹೋದಳು. ಕೊಡಲಿಲ್ಲ. ಹಿಡಿದುಕೊಂಡೇ "ಬ್ಯಾಡ ಅನ್ನಾಕ ಬಂದೀರೇನ್ರಿ?" ಎಂದು ಕೇಳಿಬಿಟ್ಟಳು. ನನ್ನ ಜೀವ ಹಾರಿತು.

"ಬಾ ಅನ್ನಾಕ ಬಂದೀನವ್ವ" ಎಂದರು ಅವರು.

"ಬರ್ತೀನಿ ಅತ್ತಿ. ಆದ್ರ ನಾ ಬಿಡ್ರಿ ಬಿಡ್ರಿ ಅನ್ನಾಕಿ ಅಲ್ಲ, ಮೊದ್ಲ ಹೇಳ್ತೀನಿ."

ಅವರು ತಂಬಿಗೆ ಇಸಿದುಕೊಂಡು ಕಾಲಿಗೆ ನೀರು ಹಾಕಿಕೊಂಡರು. "ನನಗ ಬೇಕಾಗಿದ್ದೂ ಅದ" ಎಂದರು. ಆಮೇಲೆ ಮೂವರೂ ಒಳಕೋಣೆ ಸೇರಿ ಸಂಜೆಯ ಬಸ್ಸಿನತನಕ ಮಾತಾಡಿದರು. ನನ್ನನ್ನು ಎರಡು ಸಲ ಕರೆದರು. ಒಮ್ಮೆ ಸಕ್ಕರೆ ತರುವುದಕ್ಕೆ, ಒಮ್ಮೆ ಬಾಗಿಲು ಎಳೆದುಕೊಂಡು ಹೋಗುವುದಕ್ಕೆ. ಈರುಳ್ಳಿ ಸಿಪ್ಪೆ ಬಣ್ಣದ ಸೀರೆಯೇ ಧಾರೆಗೆ ಎಂದು ತೀರ್ಮಾನವಾಯಿತಂತೆ.

ಒಂದು ಮಾತು ನಿಮಗಲ್ಲದೆ ಯಾರಿಗೂ ಹೇಳಲಾರೆ. ಎರ್ರಮ್ಮನವರು ಹೋದ ಮೇಲೆ ನಾನು ಬಸಲಿಂಗಮ್ಮನಿಗೆ, "ಸೋಮವಾರ ನಾವಿಬ್ಬರ ದಾವಣಗೇರಿಗೆ ಹೋಗೂಣು. ತಗೊಳ್ಳೂದೇನಿಲ್ಲ, ಸುಮ್ನ ಕುಂತು ತಿಂದು ಬರೂಣು. ನಿನಗ ಏನ್ ತಿನ್ನಬೇಕಂತ ಆಸಿ ಐತಿ ಹೇಳು" ಎಂದೆ. ಅವಳು ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು. ನಾಚಿದಳು ಎಂದುಕೊಂಡೆ. ಅಲ್ಲ, ನಿಜವಾಗಿಯೂ ಹುಡುಕುತ್ತಿದ್ದಳು.

"ಯಾರೂ ಕೇಳಿದ್ದಿಲ್ಲಲ್ರಿ" ಎಂದಳು. "ತಡೀರಿ, ಯೋಚನಿ ಮಾಡಿ ಹೇಳ್ತೀನಿ."

ಇವತ್ತು ಭಾನುವಾರ, ಬೀಗರೇ. ಬೆಳಿಗ್ಗೆ ಮತ್ತೆ ಕೇಳಿದೆ. ಇನ್ನೂ ಯೋಚನೆ ಮಾಡುತ್ತಿದ್ದಾಳೆ.

ನಿಮ್ಮ
ಹಾಲಪ್ಪ